ಚಿತ್ರ ಮುಗಿದ ಮೇಲಿನ ಪಾಠ

ಬೋಧನಾಭ್ಯಾಸದ ಪಾಠ ಯೋಜನೆಗಳಲ್ಲಿ ‘ಬೋಧನೋಪಕರಣ’ ಎಂಬ ಅಂಕಣದಲ್ಲಿ ‘ವೀಡಿಯೊ ತುಣುಕು’ ಎಂದು ಬರೆಯುವುದು ಈಗ ವಾಡಿಕೆ. ತರಗತಿಗೆ ಹೋಗಿ ಕುಳಿತರೆ ಕಾಣುವುದು ಬಹುತೇಕ ಒಂದೇ ಕ್ರಮ. ಪ್ರೊಜೆಕ್ಟರ್ ಹೊತ್ತಿಕೊಳ್ಳುತ್ತದೆ, ನಾಲ್ಕೈದು ನಿಮಿಷ ಚಿತ್ರ ಓಡುತ್ತದೆ, ಪ್ರಶಿಕ್ಷಣಾರ್ಥಿ ಗೋಡೆಯ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಚಿತ್ರ ನಿಂತ ಕೂಡಲೇ ‘ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಯಾರು ಮಾಡಿದರು’ ಎಂಬ ಮೂರು ಪ್ರಶ್ನೆಗಳು ಬರುತ್ತವೆ. ಉತ್ತರಗಳು ಕಪ್ಪುಹಲಗೆಗೆ ಏರುತ್ತವೆ. ಅವಲೋಕನ ಪುಸ್ತಕದಲ್ಲಿ ‘ದೃಕ್-ಶ್ರವಣ ಸಾಧನದ ಬಳಕೆ ಚೆನ್ನಾಗಿದೆ’ ಎಂಬ ಸಾಲು ಸೇರುತ್ತದೆ.

ಹೀಗೆ ಮಾಡುವಾಗ ನಾವು ತರಗತಿಯನ್ನು ಯಂತ್ರಕ್ಕೆ ಒಪ್ಪಿಸಿ ಕೈಕಟ್ಟಿ ನಿಂತಿರುತ್ತೇವೆ ಎಂಬುದು ನನ್ನ ಅಭಿಪ್ರಾಯ. ಇದಕ್ಕಿಂತ ಹಳೆಯದೂ ಒಳ್ಳೆಯದೂ ಆದ ಒಂದು ಪದ್ಧತಿ ಅಮೆರಿಕದ ಕಪ್ಪು ಸಮುದಾಯಗಳಲ್ಲಿದೆ. ಗ್ರಂಥಾಲಯ, ಚರ್ಚು, ಶಾಲೆ, ಉದ್ಯಾನ, ಹೀಗೆ ಬಡಾವಣೆಯ ಜನ ಸೇರುವ ಜಾಗದಲ್ಲಿ ತಮ್ಮ ಸಂಗೀತವನ್ನು ಕುರಿತ ಚಿತ್ರವೊಂದನ್ನು ತೋರಿಸುತ್ತಾರೆ. ಅದರ ಜೊತೆಗೆ ಅದೇ ಊರಿನ ಗಾಯಕರೋ ವಾದಕರೋ ಜನರ ಎದುರಿಗೇ ಹಾಡುತ್ತಾರೆ, ನುಡಿಸುತ್ತಾರೆ. ಆಮೇಲೆ ಎಲ್ಲರೂ ಕುಳಿತು ಮಾತಾಡುತ್ತಾರೆ. ಚಿತ್ರ, ಹಾಡು, ಮಾತು ಮೂರೂ ಸೇರಿದರೆ ಆ ಸಂಜೆ ಪೂರ್ತಿಯಾಯಿತು. ಈ ಕ್ರಮದಿಂದ ನಮ್ಮ ಶಿಕ್ಷಕ ಶಿಕ್ಷಣ ಕಾಲೇಜುಗಳು ಕಲಿಯಬೇಕಾದದ್ದು ಬಹಳಷ್ಟಿದೆ. ಕಲಿಯುವಾಗ ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ಎರಡನ್ನೂ ಇಲ್ಲಿ ಹೇಳಬಯಸುತ್ತೇನೆ.

ಹಳೆಯ ಪದ್ಧತಿ

ಚಿತ್ರದ ಜೊತೆ ಜೀವಂತ ಸಂಗೀತ ಎನ್ನುವುದು ಮೂಕಿಚಿತ್ರಗಳ ಕಾಲದಿಂದ ಬಂದದ್ದು. ಷಿಕಾಗೊ ನಗರದ ದಕ್ಷಿಣ ಭಾಗದ ಕಪ್ಪು ಬಡಾವಣೆಯಲ್ಲಿ ವೆಂಡೋಮ್ ಎಂಬ ಚಿತ್ರಮಂದಿರವಿತ್ತು. ಅಲ್ಲಿ ಅರ್ಸ್ಕಿನ್ ಟೇಟ್ ಅವರ ವಾದ್ಯವೃಂದ ಮೂಕಿಚಿತ್ರಗಳಿಗೆ ಸಂಗೀತ ನುಡಿಸುತ್ತಿತ್ತು. 1925ರ ಕೊನೆಯಲ್ಲಿ ಆ ವೃಂದಕ್ಕೆ ಸೇರಿದ ಒಬ್ಬ ಯುವಕ ಲೂಯಿ ಆರ್ಮ್‌ಸ್ಟ್ರಾಂಗ್. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಲಿಂಕನ್ ಥಿಯೇಟರಿನ ಆರ್ಗನ್ ಮುಂದೆ ಕುಳಿತು ಚಿತ್ರಗಳಿಗೆ ನುಡಿಸುತ್ತಿದ್ದ ಹದಿಹರೆಯದ ಹುಡುಗ ಮುಂದೆ ಫ್ಯಾಟ್ಸ್ ವಾಲರ್ ಎಂದು ಹೆಸರಾದ. ತೆರೆಯ ಮೇಲೆ ಏನೇ ಓಡಲಿ, ಅದಕ್ಕೆ ಅರ್ಥ ಕೊಡುವವರು ತೆರೆಯ ಕೆಳಗೆ, ಪ್ರೇಕ್ಷಕರ ನಡುವೆಯೇ ಇದ್ದರು.

ಮಾತಿನ ಚಿತ್ರ ಬಂದಾಗ ಆ ವಾದಕರ ಕೆಲಸ ಹೋಯಿತು. ಅಷ್ಟೇ ಆಗಿದ್ದರೆ ತಂತ್ರಜ್ಞಾನದ ಸಹಜ ಬದಲಾವಣೆ ಎನ್ನಬಹುದಿತ್ತು. ಆದರೆ 1927ರ ‘ದಿ ಜಾಜ್ ಸಿಂಗರ್’ ಎಂಬ, ಹಾಡು ಮತ್ತು ಮಾತು ಚಿತ್ರದೊಡನೆ ಹೊಂದಿಕೊಂಡು ಕೇಳಿಸಿದ ಮೊದಲ ಪೂರ್ಣಾವಧಿ ಚಿತ್ರದಲ್ಲಿ, ಬಿಳಿಯ ನಟ ಆಲ್ ಜೋಲ್ಸನ್ ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡಿದ. ಹತ್ತೊಂಬತ್ತನೆಯ ಶತಮಾನದಿಂದ ಅಮೆರಿಕದ ರಂಗಭೂಮಿಯಲ್ಲಿ ನಡೆದುಬಂದ ಅಣಕದ ಸಂಪ್ರದಾಯ ಅದು. ಕಪ್ಪು ಜನರ ಸಂಗೀತ ಬೇಕು, ಕಪ್ಪು ಜನ ಬೇಡ ಎಂಬ ನಿಲುವು ಅದರ ಹಿಂದೆ ಇತ್ತು. ತಮ್ಮ ಸಂಗೀತದ ಚಿತ್ರಗಳನ್ನು ತಮ್ಮ ಜಾಗದಲ್ಲಿ, ತಮ್ಮ ಗಾಯಕರೊಡನೆ, ತಮ್ಮ ಮಾತಿನೊಡನೆ ನೋಡಬೇಕು ಎಂಬ ಹಂಬಲ ಯಾಕೆ ಇಷ್ಟು ಆಳವಾಗಿದೆ ಎಂಬುದಕ್ಕೆ ಈ ಹಿನ್ನೆಲೆ ಬೇಕು.

ಮೂರು ಚಿತ್ರಗಳು

ಇಂಥ ಪ್ರದರ್ಶನಗಳಿಗೆ ಹೇಳಿ ಮಾಡಿಸಿದಂಥ ಮೂರು ಚಿತ್ರಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಮೂರರಲ್ಲೂ ಶಿಕ್ಷಕರಿಗೆ ಒಂದೊಂದು ಪಾಠವಿದೆ.

ಮೊದಲನೆಯದು ‘ವಾಟ್‌ಸ್ಟ್ಯಾಕ್ಸ್’, ಬಿಡುಗಡೆಯಾದದ್ದು 1973ರಲ್ಲಿ, ನಿರ್ದೇಶಕ ಮೆಲ್ ಸ್ಟೂವರ್ಟ್. ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆ 1965ರ ಆಗಸ್ಟಿನಲ್ಲಿ ಪೊಲೀಸರ ವರ್ತನೆಯಿಂದ ಸಿಡಿದೆದ್ದು 34 ಜನ ಸತ್ತಿದ್ದರು. ಏಳು ವರ್ಷಗಳ ನಂತರ, 1972ರ ಆಗಸ್ಟ್ 20ರಂದು, ಆ ನೆನಪಿಗಾಗಿ ಸ್ಟ್ಯಾಕ್ಸ್ ಧ್ವನಿಮುದ್ರಣ ಸಂಸ್ಥೆ ನಗರದ ಕೊಲಿಸಿಯಂ ಕ್ರೀಡಾಂಗಣದಲ್ಲಿ ಸಂಗೀತೋತ್ಸವ ನಡೆಸಿತು. ಟಿಕೆಟ್ ಒಂದು ಡಾಲರ್. ಸೇರಿದವರು ಒಂದು ಲಕ್ಷಕ್ಕೂ ಹೆಚ್ಚು. ಆದರೆ ಚಿತ್ರ ಬರೀ ಹಾಡುಗಳ ಸಂಗ್ರಹವಾಗಿ ಉಳಿಯಲಿಲ್ಲ. ಕ್ಷೌರದಂಗಡಿ, ಹೋಟೆಲು, ರಸ್ತೆಯಂಚಿನಲ್ಲಿ ಸಾಮಾನ್ಯ ಜನ ಕೆಲಸ, ಪೊಲೀಸು, ದೇವರು, ಪ್ರೀತಿ ಕುರಿತು ಆಡಿದ ಮಾತು ಹಾಡುಗಳ ನಡುನಡುವೆ ಬರುತ್ತದೆ. ಹಾಸ್ಯಗಾರ ರಿಚರ್ಡ್ ಪ್ರಯರ್ ಅವರ ಮಾತೂ ಇದೆ. ಅಂದರೆ ಚರ್ಚೆ ಚಿತ್ರದ ಒಳಗೇ ಇದೆ. ಹಾಡು ಮುಗಿದ ಮೇಲೆ ಜನ ಏನು ಮಾತಾಡುತ್ತಾರೆ ಎಂಬುದನ್ನು ಬಿಟ್ಟರೆ ಹಾಡಿನ ಅರ್ಥ ಪೂರ್ತಿಯಾಗುವುದಿಲ್ಲ ಎಂದು ನಿರ್ದೇಶಕರಿಗೆ ಹೊಳೆದಿತ್ತು. ನಮ್ಮ ಪಾಠ ಯೋಜನೆಗಳಿಗೆ ಅದು ಇನ್ನೂ ಹೊಳೆಯಬೇಕಾಗಿದೆ.

ಇದೇ ಚಿತ್ರದಲ್ಲಿ ತರಗತಿ ನಿರ್ವಹಣೆಯ ಪಾಠಕ್ಕೆ ತೋರಿಸಬಹುದಾದ ಒಂದು ದೃಶ್ಯವಿದೆ. ಗಾಯಕ ರೂಫಸ್ ಥಾಮಸ್ ಹಾಡುವಾಗ ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿ ಕುಣಿಯುತ್ತಾರೆ. ಅವರನ್ನು ಮತ್ತೆ ಮೆಟ್ಟಿಲುಗಳಿಗೆ ಕಳಿಸಬೇಕು. ಥಾಮಸ್ ಗದರುವುದಿಲ್ಲ. ತಮಾಷೆ ಮಾಡುತ್ತ, ಹುರಿದುಂಬಿಸುತ್ತ, ಯಾರ ಮರ್ಯಾದೆಯೂ ಹೋಗದಂತೆ ಅಷ್ಟು ಜನರನ್ನು ವಾಪಸು ಕಳಿಸುತ್ತಾರೆ. ಮೇಜಿಗೆ ಕೋಲು ಬಡಿದು ‘ಸೈಲೆನ್ಸ್’ ಎನ್ನುವ ಅಭ್ಯಾಸದವರು ಆ ಕೆಲವು ನಿಮಿಷಗಳನ್ನು ಎರಡು ಸಲ ನೋಡಬೇಕು.

ಎರಡನೆಯದು ‘ಅಮೇಜಿಂಗ್ ಗ್ರೇಸ್’. 1972ರ ಜನವರಿ 13 ಮತ್ತು 14ರಂದು ಅರೀಥಾ ಫ್ರಾಂಕ್ಲಿನ್ ಲಾಸ್ ಏಂಜಲೀಸಿನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಭಕ್ತಿಗೀತೆಗಳನ್ನು ಹಾಡಿದರು. ಧ್ವನಿಮುದ್ರಿಕೆ ಅದೇ ವರ್ಷ ಹೊರಬಂತು. ಚಿತ್ರೀಕರಿಸಿದವರು ಸಿಡ್ನಿ ಪೊಲಾಕ್. ದೃಶ್ಯದ ಆರಂಭದಲ್ಲಿ ಕ್ಲ್ಯಾಪ್ ಹಲಗೆ ಬಳಸದೇ ಇದ್ದುದರಿಂದ ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಲಾಗದೆ ಅದು ದಶಕಗಳ ಕಾಲ ಮೂಲೆಗೆ ಬಿತ್ತು. ಜನರ ಮುಂದೆ ಬಂದದ್ದು 2018ರಲ್ಲಿ, ಅರೀಥಾ ತೀರಿಕೊಂಡ ಮೇಲೆ. ಈ ಚಿತ್ರದಲ್ಲಿ ಗಮನಿಸಬೇಕಾದವರು ಗಾಯಕಿಯಷ್ಟೇ ಕೇಳುಗರು ಕೂಡ. ಅವರು ಎದ್ದು ನಿಲ್ಲುತ್ತಾರೆ, ಕೂಗಿ ಉತ್ತರಿಸುತ್ತಾರೆ, ಅಳುತ್ತಾರೆ. ಅವರ ಉತ್ತರ ಕೇಳಿ ಗಾಯಕಿ ಮುಂದಿನ ಸಾಲನ್ನು ಬೇರೆ ರೀತಿ ಹಾಡುತ್ತಾರೆ. ಇದು ಕಪ್ಪು ಸಂಗೀತದ ಜೀವಾಳವಾದ ಕರೆ-ಓಗೊಡುವಿಕೆ. ನಮ್ಮ ತರಗತಿಗಳಲ್ಲಿಯೂ ಶಿಕ್ಷಕರು ಹೇಳಿದ್ದನ್ನು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಮಕ್ಕಳ ಉತ್ತರ ಶಿಕ್ಷಕರ ಮುಂದಿನ ಮಾತನ್ನು ಬದಲಿಸುವುದಿಲ್ಲ. ಎಲ್ಲಿ ಬದಲಿಸುವುದಿಲ್ಲವೋ ಅಲ್ಲಿ ಅದು ಬಾಯಿಪಾಠ.

ಮೂರನೆಯದು ‘ಸಮ್ಮರ್ ಆಫ್ ಸೋಲ್’, 2021ರದು. 1969ರ ಜೂನ್ 29ರಿಂದ ಆಗಸ್ಟ್ 24ರ ನಡುವೆ ಆರು ಭಾನುವಾರ ಹಾರ್ಲೆಮ್‌ನ ಉದ್ಯಾನವೊಂದರಲ್ಲಿ ಉಚಿತ ಸಂಗೀತೋತ್ಸವ ನಡೆಯಿತು. ಸ್ಟೀವಿ ವಂಡರ್, ನೀನಾ ಸಿಮೋನ್, ಮಹಾಲಿಯಾ ಜಾಕ್ಸನ್, ಬಿ.ಬಿ. ಕಿಂಗ್ ಎಲ್ಲರೂ ಬಂದಿದ್ದರು. ಒಟ್ಟು ಸುಮಾರು ಮೂರು ಲಕ್ಷ ಜನ ಕೇಳಿದರು. ಹಾಲ್ ಟುಲ್ಚಿನ್ ಎಂಬವರು ಸುಮಾರು 40 ಗಂಟೆಗಳಷ್ಟು ಚಿತ್ರೀಕರಿಸಿದರು. ಕೆಲವು ಭಾಗ ಆಗ ಟಿವಿಯಲ್ಲಿ ಬಂದರೂ ಪೂರ್ಣ ಚಿತ್ರಕ್ಕೆ ಕೊಳ್ಳುವವರು ಸಿಗಲಿಲ್ಲ. ಅದೇ ಬೇಸಿಗೆಯಲ್ಲಿ ಅದೇ ರಾಜ್ಯದಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವದ ಚಿತ್ರ ಮರುವರ್ಷವೇ ತೆರೆಕಂಡು ಆಸ್ಕರ್ ಪಡೆಯಿತು. ಹಾರ್ಲೆಮ್‌ನ ಸುರುಳಿಗಳು ಅರ್ಧ ಶತಮಾನ ನೆಲಮಾಳಿಗೆಯಲ್ಲಿ ಉಳಿದವು. ದಿ ರೂಟ್ಸ್ ತಂಡದ ಡ್ರಮ್ ವಾದಕ ಕ್ವೆಸ್ಟ್‌ಲವ್ ಅವನ್ನು ಚಿತ್ರವಾಗಿಸಿದರು. 2022ರಲ್ಲಿ ಅದಕ್ಕೂ ಆಸ್ಕರ್ ಬಂತು.

ಈ ಚಿತ್ರದಲ್ಲಿ ಅಂದು ಹಾಡಿದವರಿಗೂ ಅಂದು ಮಕ್ಕಳಾಗಿ ಕೇಳಿದವರಿಗೂ ಹಳೆಯ ದೃಶ್ಯಗಳನ್ನು ತೋರಿಸಿ, ನೋಡುವಾಗಿನ ಅವರ ಮುಖವನ್ನೇ ಚಿತ್ರೀಕರಿಸಿದ್ದಾರೆ. ಬಾಲ್ಯದ ನೆನಪು ಸುಳ್ಳಾಗಿರಲಿಲ್ಲ ಎಂದು ತಿಳಿದು ಒಬ್ಬರು ಕಣ್ಣೀರಾಗುತ್ತಾರೆ. ಇತಿಹಾಸದ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಆಕರ ಪಾಠ ಬೇಕೆ? ದಾಖಲೆ ಇಲ್ಲದಿದ್ದರೆ ಇಡೀ ಸಮುದಾಯದ ನೆನಪು ಕಟ್ಟುಕತೆಯಂತೆ ಕಾಣತೊಡಗುತ್ತದೆ. ಇನ್ನೊಂದು ಸಂಗತಿ: ಮನುಷ್ಯ ಚಂದ್ರನ ಮೇಲಿಳಿದ 1969ರ ಜುಲೈ 20 ಕೂಡ ಆ ಆರು ಭಾನುವಾರಗಳಲ್ಲಿ ಒಂದು. ಅಂದು ಉದ್ಯಾನದಲ್ಲಿದ್ದ ಕೆಲವರು ವರದಿಗಾರರಿಗೆ, ಆ ಹಣವನ್ನು ಇಲ್ಲಿನ ಬಡವರಿಗೆ ಬಳಸಬಹುದಿತ್ತು ಎಂದು ಹೇಳುವುದು ಚಿತ್ರದಲ್ಲಿದೆ. ಚಂದ್ರಯಾನದ ಪಾಠದ ಪಕ್ಕದಲ್ಲಿ ಈ ಎರಡು ನಿಮಿಷ ಇಟ್ಟರೆ ಮಕ್ಕಳು ಮಾತಾಡದೆ ಇರುವುದು ಕಷ್ಟ.

‘ನಮಗೂ ಇದಕ್ಕೂ ಏನು ಸಂಬಂಧ?’

ಈ ಪ್ರಶ್ನೆ ಬಂದೇ ಬರುತ್ತದೆ. ಪಠ್ಯಕ್ರಮ ಮುಗಿಯುತ್ತಿಲ್ಲ, ಭಾಷೆ ಇಂಗ್ಲಿಷ್, ದೇಶ ಬೇರೆ. ಇದಕ್ಕೆ ಉತ್ತರ ನಮ್ಮ ಶಾಲೆಯ ಅಂಗಳದಲ್ಲೇ ಇದೆ. ‘ವಿ ಶಲ್ ಓವರ್‌ಕಮ್’ ಎಂಬ ಹಾಡಿನ ಕನ್ನಡ ರೂಪವನ್ನು ರಾಜ್ಯದ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಹಾಡುತ್ತಾರೆ. ಅದು ಯಾರ ಹಾಡು ಎಂದು ಹಾಡುವ ಮಕ್ಕಳಿಗೆ ಗೊತ್ತಿಲ್ಲ, ಹಾಡಿಸುವ ನಮಗೂ ಬಹುಮಟ್ಟಿಗೆ ಗೊತ್ತಿಲ್ಲ. ಕಪ್ಪು ಜನರ ಚರ್ಚುಗಳ ಹಾಡಿನ ಪರಂಪರೆಯಿಂದ ಅದು ಬೆಳೆಯಿತು. 1945-46ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ ಮುಷ್ಕರ ಹೂಡಿದ ತಂಬಾಕು ಕಾರ್ಖಾನೆಯ ಕಾರ್ಮಿಕ ಮಹಿಳೆಯರು ಅದನ್ನು ಹಾಡಿದರು. ಅವರಿಂದ ಟೆನೆಸಿಯ ಹೈಲ್ಯಾಂಡರ್ ಜಾನಪದ ಶಾಲೆಯ ಜಿಲ್ಫಿಯಾ ಹಾರ್ಟನ್ ಕಲಿತರು. ಅಲ್ಲಿಂದ 1960ರಲ್ಲಿ ನಾಗರಿಕ ಹಕ್ಕುಗಳ ಚಳವಳಿಯ ವಿದ್ಯಾರ್ಥಿಗಳಿಗೆ ತಲುಪಿತು.

ಹೈಲ್ಯಾಂಡರ್ ಒಂದು ಶಾಲೆ ಎಂಬುದನ್ನು ನಾವು ಗಮನಿಸಬೇಕು. ಹಕ್ಕುಗಳ ಸಂಘಟನೆಯ ಸದಸ್ಯತ್ವ ಬಿಡಲು ಒಪ್ಪದ ಕಾರಣಕ್ಕೆ 1956ರಲ್ಲಿ ಕೆಲಸ ಕಳೆದುಕೊಂಡ ಸೆಪ್ಟಿಮಾ ಕ್ಲಾರ್ಕ್ ಎಂಬ ಶಿಕ್ಷಕಿ ಅಲ್ಲಿ ಸೇರಿ, ಮತದಾನಕ್ಕೆ ಬೇಕಿದ್ದ ಓದು-ಬರಹ ಕಲಿಸುವ ‘ಪೌರತ್ವ ಶಾಲೆ’ಗಳನ್ನು ಕಟ್ಟಿದರು. 1957ರಲ್ಲಿ ಆರಂಭವಾದ ಮೊದಲ ಶಾಲೆಯ ಶಿಕ್ಷಕಿ ಬರ್ನೀಸ್ ರಾಬಿನ್ಸನ್, ವೃತ್ತಿಯಿಂದ ಕೇಶಾಲಂಕಾರ ಮಾಡುವವರು. ನಿಮಗೆ ಏನು ಕಲಿಯಬೇಕು ಎಂದು ಕಲಿಯುವವರನ್ನೇ ಕೇಳಿ ಅವರು ಪಾಠ ಶುರುಮಾಡಿದರು. ಹಾಡಿನ ಹಿಂದೆ ಶಿಕ್ಷಕರ ಇತಿಹಾಸವೇ ಇದೆ. 2009ರ ‘ಸೌಂಡ್‌ಟ್ರ್ಯಾಕ್ ಫಾರ್ ಎ ರೆವಲ್ಯೂಷನ್’ ಚಿತ್ರ ಈ ಹಾಡುಗಳದ್ದೇ. ಅಂದು ಹಾಡಿದವರ ಮಾತೂ ಇಂದಿನ ಗಾಯಕರ ಹಾಡೂ ಅದರಲ್ಲಿ ಒಟ್ಟಿಗೆ ಬರುತ್ತವೆ.

ನಮ್ಮ ಚಿಂತನೆಯ ಸಂಬಂಧವೂ ಇಂದು ನಿನ್ನೆಯದಲ್ಲ. ಜೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ತನ್ನ ಹೆಸರನ್ನು ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಪಡೆಯಿತು. ‘ಹಳ್ಳಿಯ ಮಕ್ಕಳಿಗೆ ಇದೆಲ್ಲ ಅರ್ಥವಾಗುವುದಿಲ್ಲ’ ಎನ್ನುವವರಿಗೆ ಹೆಗ್ಗೋಡಿನ ಉದಾಹರಣೆ ಸಾಕು. ಕೆ.ವಿ. ಸುಬ್ಬಣ್ಣ ಮತ್ತು ನೀನಾಸಂ ಬಳಗ 1970ರ ದಶಕದಿಂದ ಜಗತ್ತಿನ ಚಿತ್ರಗಳನ್ನು ಹಳ್ಳಿಯ ಜನರಿಗೆ ತೋರಿಸಿ, ರಸಗ್ರಹಣ ಶಿಬಿರ ನಡೆಸಿ, ಚರ್ಚಿಸಿ ತೋರಿಸಿಕೊಟ್ಟಿದೆ.

ಎಚ್ಚರದ ಮಾತು

ಇಷ್ಟು ಹೇಳಿದ ಮೇಲೆ, ಅವಸರದಲ್ಲಿ ಮಾಡಿದರೆ ಇಂಥ ಪ್ರದರ್ಶನ ತರಗತಿಯಲ್ಲಿರುವ ಮಗುವಿಗೇ ನೋವು ಮಾಡಬಲ್ಲದು ಎಂಬುದನ್ನೂ ಹೇಳಬೇಕು.

ಮೊದಲನೆಯದು, ಪದ. ಕರಿಯಪ್ಪ, ಕರಿಯಮ್ಮ ಎಂದು ಮನುಷ್ಯರಿಗೂ ದೇವರಿಗೂ ಹೆಸರಿಟ್ಟ ನಾಡು ನಮ್ಮದು. ಆದರೂ ಶಾಲೆಯ ಅಂಗಳದಲ್ಲಿ ‘ಕರಿಯ’ ಎನ್ನುವುದು ಮೈಬಣ್ಣ ಕಪ್ಪಿರುವ ಮಗುವನ್ನು ಚುಡಾಯಿಸುವ ಮಾತು. ಚಿತ್ರ ತೋರಿಸಿದ ಮರುದಿನ ಆ ಮಗುವಿಗೆ ಹೊಸ ಅಡ್ಡಹೆಸರು ಅಂಟಿಕೊಂಡರೆ ನಮ್ಮ ಪಾಠ ಅಲ್ಲೇ ಸೋತಿತು. ‘ಕಪ್ಪು ಜನ’, ‘ಆಫ್ರಿಕನ್ ಅಮೆರಿಕನ್ನರು’ ಎಂಬ ಪದಗಳನ್ನು ಮೊದಲೇ ಗೊತ್ತುಮಾಡಿ, ‘ನೀಗ್ರೋ’ ಎಂಬ ಹಳೆಯ ಪದವನ್ನು ಯಾಕೆ ಬಿಟ್ಟೆವು ಎಂದು ಮಕ್ಕಳಿಗೆ ತಿಳಿಸಿಯೇ ಚಿತ್ರ ಆರಂಭಿಸಬೇಕು. ಛದ್ಮವೇಷದ ಹೆಸರಿನಲ್ಲಿ ಮುಖಕ್ಕೆ ಮಸಿ ಬಳಿಯುವುದಂತೂ ಕೂಡದು. ಅದರ ಇತಿಹಾಸವನ್ನು ಮೇಲೆ ಹೇಳಿದ್ದೇನೆ.

ಎರಡನೆಯದು, ಹೋಲಿಕೆ. ಚಿತ್ರ ಮುಗಿದ ಕೂಡಲೇ ‘ಅಲ್ಲಿ ಬಣ್ಣ, ಇಲ್ಲಿ ಜಾತಿ’ ಎಂದು ಒಂದೇ ವಾಕ್ಯದಲ್ಲಿ ಪಾಠ ಮುಗಿಸುವ ಆತುರ ನಮ್ಮಲ್ಲಿದೆ. ಹೋಲಿಕೆ ಬೇಕು, ಫುಲೆ ಅವರೇ ಮಾಡಿದ್ದಾರೆ. ಆದರೆ ಅದು ಮಕ್ಕಳ ಬಾಯಿಂದ ಬರಲಿ. ಶಿಕ್ಷಕರು ಆತುರಪಟ್ಟರೆ ಇಡೀ ತರಗತಿಯ ಕಣ್ಣು ಒಂದೆರಡು ಮಕ್ಕಳ ಮೇಲೆ ಬೀಳುತ್ತದೆ. ‘ನಿನ್ನ ಅನುಭವ ಹೇಳು’ ಎಂದು ದಲಿತ ಮಗುವನ್ನು ಎಬ್ಬಿಸಿ ನಿಲ್ಲಿಸುವುದು ಚರ್ಚೆಯ ಹೆಸರಿನಲ್ಲಿ ನಡೆಯುವ ಹಿಂಸೆ. ಹೇಳುವ ಹಕ್ಕಿನಂತೆಯೇ ಹೇಳದಿರುವ ಹಕ್ಕೂ ಮಗುವಿನದು.

ಮೂರನೆಯದು, ಜೀವಂತ ಪ್ರದರ್ಶನ. ಅಮೆರಿಕದ ಗಾಯಕರನ್ನು ಅನುಕರಿಸುವ ಅಗತ್ಯವಿಲ್ಲ. ತತ್ವಪದ ಹಾಡುವವರು, ಗೀಗೀ ಪದದವರು, ತಮಟೆಯ ತಂಡದವರು ಊರಲ್ಲೇ ಇರುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯಾದರೆ ಆಫ್ರಿಕ ಮೂಲದ ಸಿದ್ದಿ ಸಮುದಾಯದ ದಮಾಮಿ ಕಲಾವಿದರೂ ಇದ್ದಾರೆ. ಅವರನ್ನು ‘ಅಮೆರಿಕದವರ ಹಾಗೆ ಇರುವವರು’ ಎಂದು ಪ್ರದರ್ಶನಕ್ಕಿಡುವುದು ತಪ್ಪು. ಅವರ ಇತಿಹಾಸ ಬೇರೆ, ಹಾಡು ಬೇರೆ. ತಮಟೆ ಬಾರಿಸುವುದು ಜಾತಿಯ ಚಾಕರಿಯಾಗಿದ್ದ ನೆನಪೂ ಇನ್ನೂ ಹಳೆಯದಾಗಿಲ್ಲ. ಆದ್ದರಿಂದ ಕಲಾವಿದರಿಗೆ ಗೌರವಧನ, ವೇದಿಕೆಯ ಮೇಲೆ ಕುರ್ಚಿ, ಏನು ಹಾಡಬೇಕೆಂಬ ಸ್ವಾತಂತ್ರ್ಯ, ಚರ್ಚೆಯಲ್ಲಿ ಮಾತಾಡುವ ಅವಕಾಶ ಇಷ್ಟೂ ಇರಲಿ. ಹಾಡಿಸಿ ಚಹಾ ಕೊಟ್ಟು ಕಳಿಸಿ, ಆಮೇಲೆ ನಾವು ನಾವೇ ಚರ್ಚಿಸಿದರೆ ‘ಸಂಗೀತ ಬೇಕು, ಜನ ಬೇಡ’ ಎಂಬ ಹಳೆಯ ನಿಲುವನ್ನೇ ಮುಂದುವರಿಸಿದಂತೆ.

ಮಾಡುವುದು ಹೇಗೆ?

ಪ್ರೌಢಶಾಲೆಯಲ್ಲಿ ಎರಡು ಅವಧಿ ಜೋಡಿಸಿದರೆ ಸುಮಾರು 80 ನಿಮಿಷ ಸಿಗುತ್ತದೆ. ಮೊದಲ ಹತ್ತು ನಿಮಿಷ ಹಿನ್ನೆಲೆ ಮತ್ತು ಪದಗಳ ಪರಿಚಯ. ಚಿತ್ರದ ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ. ಹಾಡಿನ ಸಾರವನ್ನು ಮೊದಲೇ ಕನ್ನಡದಲ್ಲಿ ಹೇಳಿದ್ದರೆ ಇಂಗ್ಲಿಷ್ ಅಡ್ಡಿಯಾಗದು. ನಂತರ ಹದಿನೈದು ನಿಮಿಷ ಎದುರಿಗೇ ಹಾಡು. ಉಳಿದ ಅರ್ಧ ಹೊತ್ತು ಪೂರ್ತಿ ಮಾತಿಗೆ. ಬೆಂಚುಗಳನ್ನು ಸರಿಸಿ ವೃತ್ತದಲ್ಲಿ ಕುಳಿತರೆ ಒಳ್ಳೆಯದು. ಕಾನೂನಿನ ಮಟ್ಟಿಗೆ, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರ ಎದುರು ಚಿತ್ರ ತೋರಿಸಲು ಅವಕಾಶ ಕೊಡುತ್ತದೆ. ಊರಿಗೆಲ್ಲ ತೋರಿಸುವುದಾದರೆ ಹಕ್ಕುದಾರರ ಅನುಮತಿ ಪಡೆಯಬೇಕು.

ಚರ್ಚೆಗೆ ಮೂರು ಪ್ರಶ್ನೆ ಸಾಕು. ನಿಮಗೆ ಏನು ಕೇಳಿಸಿತು? ಹಾಡಿಗೆ ಯಾರು ಯಾರು ಹೇಗೆ ಓಗೊಟ್ಟರು? ಚಿತ್ರ ತೋರಿಸದೆ ಬಿಟ್ಟದ್ದು ಏನಿರಬಹುದು? ಮೂರಕ್ಕೂ ಒಂದೇ ಸರಿಯುತ್ತರ ಇಲ್ಲ. ಹಾಗಾಗಿ ಪ್ರಶ್ನೆ ಕೇಳಿ ಕಾಯಬೇಕಾಗುತ್ತದೆ. ಮೇರಿ ಬಡ್ ರೋ ಅವರ ಅಧ್ಯಯನ ನಮ್ಮ ಬಿ.ಇಡಿ. ತರಗತಿಗಳಿಗೆ ಹೊಸದಲ್ಲ. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಮಾತಾಡುತ್ತಾರೆ ಎಂದು ಅವರು 1970ರ ದಶಕದಲ್ಲೇ ತೋರಿಸಿದರು. ಪರೀಕ್ಷೆಗೆ ಬರೆದ ಈ ವಿಷಯವನ್ನು ತರಗತಿಯಲ್ಲಿ ಮಾಡಿ ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಕೊನೆಗೆ, ಪಾಠ ವೀಕ್ಷಿಸುವ ನಮ್ಮ ಕಡೆಗೆ ಒಂದು ಮಾತು. ಅವಲೋಕನ ನಮೂನೆಯಲ್ಲಿ ಪೀಠಿಕೆಗೆ ಅಂಕವಿದೆ, ಕಪ್ಪುಹಲಗೆಗೆ ಅಂಕವಿದೆ, ಉಪಕರಣಕ್ಕೆ ಅಂಕವಿದೆ. ಕೇಳಿಸಿಕೊಂಡಿದ್ದಕ್ಕೆ ಅಂಕವಿಲ್ಲ. ಅಂಕವಿಲ್ಲದ್ದನ್ನು ಪ್ರಶಿಕ್ಷಣಾರ್ಥಿಗಳು ಮಾಡಲಿ ಎಂದು ಬಯಸುವುದು ನ್ಯಾಯವೂ ಅಲ್ಲ. ಮುಂದಿನ ಬೋಧನಾಭ್ಯಾಸದ ಅವಧಿಗೆ ಎರಡು ಸಾಲು ಸೇರಿಸಿ ನೋಡೋಣ: ಎಷ್ಟು ಬೇರೆ ಬೇರೆ ಮಕ್ಕಳು ಮಾತಾಡಿದರು, ಮತ್ತು ಮಗುವಿನ ಮಾತು ಕೇಳಿ ಶಿಕ್ಷಕರ ಮುಂದಿನ ಪ್ರಶ್ನೆ ಬದಲಾಯಿತೆ? ಜೊತೆಗೆ, ಈ ವರ್ಷ ಗಣರಾಜ್ಯೋತ್ಸವಕ್ಕೆ ಆ ಹಾಡನ್ನು ಹಾಡಿಸುವ ಮೊದಲು ಚಾರ್ಲ್‌ಸ್ಟನ್ನಿನ ತಂಬಾಕು ಕಾರ್ಖಾನೆಯ ಹೆಂಗಸರ ಬಗ್ಗೆ ಮಕ್ಕಳಿಗೆ ಐದು ನಿಮಿಷ ಹೇಳೋಣ. ಅದಕ್ಕೆ ಪ್ರೊಜೆಕ್ಟರ್ ಕೂಡ ಬೇಕಿಲ್ಲ.